ಗೋಮಾಳವೆಂಬ ಅಮಾನತು: ನಗರ ಸೀಮೆಯ ಹುಲ್ಲು, ಕಳೆ ಮತ್ತು ಕಾವಲಿನ ಚರಿತ್ರೆ

ಪವಿತ್ರ ಕುರ್‌ಆನ್ ಅಲ್ಲಾಹನ ಅನುಗ್ರಹಗಳನ್ನು ನೆನಪಿಸುವ ಕಡೆಗಳಲ್ಲಿ ಹುಲ್ಲುಗಾವಲನ್ನೂ ಹೆಸರಿಸುತ್ತದೆ. ಭೂಮಿಯನ್ನು ಹರಡಿ ಅದರೊಳಗಿಂದ ನೀರನ್ನೂ ಮೇವನ್ನೂ ಹೊರತಂದ ಸಂಗತಿ ‘ಅನ್ನಾಝಿಆತ್’ ಅಧ್ಯಾಯದಲ್ಲಿದೆ. ಮೇವನ್ನು ಬೆಳೆಸುವವನೂ ಬಳಿಕ ಅದನ್ನು ಕಪ್ಪಿಟ್ಟ ಒಣಕಸವಾಗಿಸುವವನೂ ಅವನೇ ಎಂದು ‘ಅಲ್ ಅಅ್‌ಲಾ’ ಅಧ್ಯಾಯ ಸಾರುತ್ತದೆ. ‘ಅನ್ನಹ್ಲ್’ ಅಧ್ಯಾಯವು ಆಕಾಶದಿಂದಿಳಿಯುವ ನೀರನ್ನು ಹೇಳುವಾಗ ನಾವು ಕುಡಿಯುವುದನ್ನು ಮಾತ್ರ ಹೇಳಿ ನಿಲ್ಲಿಸದೆ, ಜಾನುವಾರುಗಳನ್ನು ಮೇಯಿಸುವ ಹಸುರನ್ನೂ ಹೇಳುತ್ತದೆ. ನಾವು ಈ ವಚನಗಳನ್ನು ಅನೇಕ ಬಾರಿ ಓದುತ್ತೇವೆ. ಆದರೆ ನಮ್ಮ ಊರಿನ ಗೋಮಾಳದ ಮುಂದೆ ಹಾದುಹೋಗುವಾಗ ಅವು ನಮ್ಮ ನೆನಪಿಗೆ ಬರುವುದು ಅಪರೂಪ. ಗದ್ದೆಗೆ ಒಡೆಯನಿದ್ದಾನೆ, ತೋಟಕ್ಕೆ ಬೇಲಿಯಿದೆ, ಕಾಡಿಗೆ ಇಲಾಖೆಯಿದೆ. ಹುಲ್ಲುಗಾವಲು ಮಾತ್ರ ಯಾರದೂ ಅಲ್ಲದ ನೆಲವೆಂದು ನಾವು ಭಾವಿಸಿಬಿಟ್ಟಿದ್ದೇವೆ.

ಈ ಭಾವನೆ ಸರಿಯೇ ಎಂದು ಪರಿಶೀಲಿಸುವುದು ಪ್ರಸ್ತುತ ಬರಹದ ಉದ್ದೇಶ. ಅದಕ್ಕಾಗಿ ನಾವು ಮಲೆನಾಡಿನ ನಗರ ಸೀಮೆಯನ್ನು, ಅಂದರೆ ಇಂದಿನ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಪ್ರದೇಶವನ್ನು ಆರಿಸಿಕೊಂಡಿದ್ದೇವೆ. ಅಲ್ಲಿಂದ ಹೊರಟ ಚರಿತ್ರೆಯ ಎಳೆ ಬಯಲುಸೀಮೆಯ ಕಾವಲುಗಳವರೆಗೂ, ಮದೀನದ ಸುತ್ತಲಿನ ಮೀಸಲು ಮೇವಿನ ನೆಲಗಳವರೆಗೂ ಹೋಗುತ್ತದೆ. ಕೊನೆಗೆ ಅದು ಮತ್ತೆ ನಮ್ಮ ಊರಿನ ಲಂಟಾನದ ಪೊದೆಯ ಬಳಿಗೇ ಬಂದು ನಿಲ್ಲುತ್ತದೆ.

ಮಳೆಯ ನಾಡಿನ ಹುಲ್ಲು

ನಗರ ಸೀಮೆಯು ಮಳೆಯ ಸೀಮೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಹೊಸನಗರದ ಹುಲಿಕಲ್ಲಿನ ಕಡೆಯೂ ಹೆಚ್ಚು ಕಡಿಮೆ ಅಷ್ಟೇ. ಇಷ್ಟು ನೀರು ಬೀಳುವಲ್ಲಿ ಮೇವಿಗೇನು ಕೊರತೆ ಎಂದು ಹೊರಗಿನವರು ಕೇಳಬಹುದು. ಆದರೆ ಈ ಮಳೆಯೇ ಮಣ್ಣಿನ ಸಾರವನ್ನು ತೊಳೆದುಕೊಂಡು ಹೋಗುತ್ತದೆ. ಗುಡ್ಡದ ಜಂಬಿಟ್ಟಿಗೆ ನೆಲದಲ್ಲಿ ಬೆಳೆಯುವ ಹುಲ್ಲು ಆಷಾಢದಲ್ಲಿ ಎಳೆಯದಾಗಿ ರುಚಿಯಾಗಿದ್ದರೂ ಕಾರ್ತಿಕದ ಹೊತ್ತಿಗೆ ಒರಟಾಗಿ, ಮಾಘದಲ್ಲಿ ಬರಿಯ ಕಡ್ಡಿಯಾಗುತ್ತದೆ. ಈ ಸೀಮೆಯ ‘ಮಲೆನಾಡು ಗಿಡ್ಡ’ ಎಂಬ ದನದ ತಳಿ ಮೈಯಲ್ಲಿ ಚಿಕ್ಕದಾಗಿ, ಗೊರಸಿನಲ್ಲಿ ಗಟ್ಟಿಯಾಗಿ, ಸಿಕ್ಕಿದ ಸೊಪ್ಪು ಹುಲ್ಲಿನಲ್ಲಿ ಬದುಕುವಂತಾಗಿರುವುದು ಇಂಥ ನೆಲಕ್ಕೆ ಹೊಂದಿಕೊಂಡೇ. ಈ ತಳಿಗೆ ಇಂದು ರಾಷ್ಟ್ರಮಟ್ಟದ ನೋಂದಣಿಯೂ ದೊರೆತಿದೆ.

ಕೆಳದಿಯ ಅರಸರ ಕಾಲದಲ್ಲಿ ಶಿವಪ್ಪನಾಯಕನು ಗದ್ದೆ ತೋಟಗಳನ್ನು ಅಳೆದು ಗೊತ್ತುಮಾಡಿದ ಕಂದಾಯದ ಕ್ರಮ ‘ಶಿವಪ್ಪನಾಯಕನ ಶಿಸ್ತು’ ಎಂದೇ ಪ್ರಸಿದ್ಧವಾಯಿತು. ಆ ಶಿಸ್ತಿನ ಬೆನ್ನೆಲುಬು ಭತ್ತ ಮತ್ತು ಅಡಿಕೆ. ಆದರೆ ಮಲೆನಾಡಿನ ಒಕ್ಕಲಿಗನನ್ನು ಕೇಳಿದರೆ, ಅಡಿಕೆ ನಿಂತಿರುವುದು ಗೊಬ್ಬರದ ಮೇಲೆ, ಗೊಬ್ಬರ ನಿಂತಿರುವುದು ಕೊಟ್ಟಿಗೆಯ ಮೇಲೆ, ಕೊಟ್ಟಿಗೆ ನಿಂತಿರುವುದು ಬೆಟ್ಟ ಬ್ಯಾಣಗಳ ಮೇಲೆ ಎಂದು ಹೇಳುತ್ತಾನೆ. ತೋಟದವರು ಸೊಪ್ಪು ಕಡಿದುಕೊಳ್ಳಲು ಬಿಟ್ಟ ನೆಲ ಸೊಪ್ಪಿನಬೆಟ್ಟ. ಹುಲ್ಲಿಗಾಗಿ ಉಳಿಸಿಕೊಂಡ ನೆಲ ಬ್ಯಾಣ. ಊರಿನ ದನಗಳೆಲ್ಲ ಮೇಯುವ ನೆಲ ಗೋಮಾಳ. ಹೆಸರು ಬೇರೆಯಾದಂತೆ ಅವುಗಳ ಕಟ್ಟುಪಾಡೂ ಬೇರೆ.

ಬ್ಯಾಣದ ಕಟ್ಟುಪಾಡನ್ನು ಗಮನಿಸೋಣ. ಮಳೆಗಾಲದುದ್ದಕ್ಕೂ ಅದಕ್ಕೆ ಬೇಲಿ. ದನ ಒಳಗೆ ಹೋಗುವಂತಿಲ್ಲ. ದೀಪಾವಳಿಯ ಆಸುಪಾಸಿನಲ್ಲಿ ಹುಲ್ಲು ಬಲಿತು ಬೀಜ ಉದುರಿದ ಮೇಲೆ ಕೊಯ್ಲು. ಕೊಯ್ದು ಒಣಗಿಸಿದ್ದು ಕರಡ. ಅದು ಬೇಸಿಗೆಯ ಮೇವೂ ಹೌದು, ಹಿಂದೆ ಮನೆಯ ಹೊದಿಕೆಯೂ ಆಗಿತ್ತು. ಕರಡ ಮನೆಗೆ ಬಂದ ಮೇಲೆಯೇ ಬೇಲಿ ತೆಗೆದು ದನಗಳನ್ನು ಬಿಡುವುದು. ಇದರಲ್ಲಿ ವಿಶೇಷ ವಿದ್ಯೆಯೇನೂ ಕಾಣದು. ಆದರೆ ಹುಲ್ಲಿಗೆ ಬೇರೂರುವ ಸಮಯ, ಬೀಜ ಕಟ್ಟುವ ಸಮಯ, ಬೀಜ ಉದುರುವ ಸಮಯ ಈ ಮೂರನ್ನೂ ಅದು ಕಾಪಾಡುತ್ತದೆ. ವಿಶ್ರಾಂತಿ ಪಡೆದ ಹುಲ್ಲು ನೆಲವನ್ನು ಒತ್ತಾಗಿ ಹೊದೆದುಕೊಳ್ಳುತ್ತದೆ. ಒತ್ತಾದ ಹುಲ್ಲಿನ ನಡುವೆ ಕಳೆಯ ಬೀಜಕ್ಕೆ ಬೆಳಕೂ ಸಿಗದು, ಜಾಗವೂ ಸಿಗದು. ಕಳೆಯ ವಿರುದ್ಧ ನಮ್ಮ ಹಿರಿಯರು ಹೂಡಿದ ಮೊದಲ ರಕ್ಷಣೆ ಈ ಬೇಲಿಯೇ ಆಗಿತ್ತು.

ಬಿದನೂರಿನಿಂದ ಅಮೃತಮಹಲಿನವರೆಗೆ

1763ರಲ್ಲಿ ಹೈದರ್ ಅಲಿಯವರು ಬಿದನೂರನ್ನು ವಶಪಡಿಸಿಕೊಂಡು ಅದಕ್ಕೆ ಹೈದರ್‌ನಗರವೆಂದು ಹೆಸರಿಟ್ಟರು. ‘ನಗರ’ ಎಂಬ ಇಂದಿನ ಹೆಸರು ಅದರಿಂದ ಉಳಿದುಬಂದದ್ದು. ಘಟ್ಟದ ಮೇಲಿನ ಮೆಣಸು, ಅಡಿಕೆ ಕರಾವಳಿಗೆ ಇಳಿಯುತ್ತಿದ್ದುದೂ ಉಪ್ಪು ಮೇಲೇರುತ್ತಿದ್ದುದೂ ಎತ್ತುಗಳ ಬೆನ್ನ ಮೇಲೆಯೇ. ಆ ಕಾಲದ ರಾಜ್ಯಕ್ಕೆ ದನವೆಂದರೆ ಹಾಲು ಮತ್ತು ಉಳುಮೆ ಮಾತ್ರವಲ್ಲ, ಸಾರಿಗೆಯೂ ಸೈನ್ಯವೂ ಆಗಿತ್ತು. ಫಿರಂಗಿ ಎಳೆಯುವ ಎತ್ತುಗಳಿಲ್ಲದೆ ಯಾವ ದಂಡೂ ಹೊರಡುತ್ತಿರಲಿಲ್ಲ.

ಅಂಥ ಎತ್ತುಗಳು ಬೆಳೆದದ್ದು ಮಲೆನಾಡಿನಲ್ಲಲ್ಲ, ಅದರ ಪೂರ್ವಕ್ಕಿರುವ ಬಯಲಿನಲ್ಲಿ. ಮೈಸೂರಿನ ಚಿಕ್ಕದೇವರಾಜ ಒಡೆಯರು ತಮ್ಮ ಆಳ್ವಿಕೆಯಲ್ಲಿ (1673–1704) ಕಟ್ಟಿದ ‘ಬೆಣ್ಣೆ ಚಾವಡಿ’ ಎಂಬ ದನಗಳ ಇಲಾಖೆಯನ್ನು ಹೈದರ್ ಅಲಿಯವರು ಬಹಳವಾಗಿ ಬೆಳೆಸಿದರು. ಟಿಪ್ಪು ಸುಲ್ತಾನರು ಅದಕ್ಕೆ ‘ಅಮೃತಮಹಲ್’ ಎಂದು ಹೆಸರಿಟ್ಟರು. ಈ ದನಗಳಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ಚಿತ್ರದುರ್ಗ, ಚಿಕ್ಕಮಗಳೂರು, ಹಾಸನ, ತುಮಕೂರು ಸೀಮೆಗಳಲ್ಲಿ ಅವು ಹರಡಿದ್ದವು.

ಕಾವಲುಗಳ ವ್ಯವಸ್ಥೆಯಲ್ಲಿ ನಮ್ಮ ಗಮನ ಸೆಳೆಯುವುದು ಅವುಗಳ ವಿಂಗಡಣೆ. ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಮೂರು ಬಗೆ. ಮರದ ನೆರಳೂ ಬತ್ತದ ನೀರೂ ಇರುವ ನೆಲವನ್ನು ಬೇಸಿಗೆಗೆಂದು ಉಳಿಸಿಕೊಳ್ಳುತ್ತಿದ್ದರು. ಹಿಂಡು ಋತುವಿಗೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ನಡೆಯುತ್ತಿತ್ತು. ಹಿಂಡು ಬಿಟ್ಟುಹೋದ ಕಾವಲಿಗೆ ತಾನಾಗಿಯೇ ವಿಶ್ರಾಂತಿ ದೊರೆಯುತ್ತಿತ್ತು. ಇಂದಿನ ಪಶುವಿಜ್ಞಾನಿಗಳು ‘ಸರದಿ ಮೇಯಿಸುವಿಕೆ’ ಎಂದು ಬೋಧಿಸುವ ವಿಧಾನವನ್ನು ನಮ್ಮ ನಾಡು ಆಗಲೇ ರಾಜ್ಯದ ಮಟ್ಟದಲ್ಲಿ ನಡೆಸಿ ನೋಡಿತ್ತು. ಟಿಪ್ಪು ಸುಲ್ತಾನರು ಈ ಇಲಾಖೆಗಾಗಿ ಒಂದು ಹುಕುಂನಾಮೆಯನ್ನೇ ಹೊರಡಿಸಿದ್ದರು. ವರ್ಷಕ್ಕೊಮ್ಮೆ ದನಗಳ ಹಾಜರಿ ನಡೆಯುವಾಗ ಅನೇಕ ಬಾರಿ ಸ್ವತಃ ಬಂದು ನಿಂತು, ಚೆನ್ನಾಗಿ ಸಾಕಿದವರಿಗೆ ಬಹುಮಾನ ಕೊಡುತ್ತಿದ್ದರೆಂದು ಮೈಸೂರಿನ ಗ್ಯಾಸೆಟಿಯರ್ ದಾಖಲಿಸಿದೆ.

ಈ ಎತ್ತುಗಳ ಕೀರ್ತಿ ನಗರದ ಚರಿತ್ರೆಗೂ ತಗಲಿಕೊಂಡಿದೆ. 1783ರ ಆರಂಭದಲ್ಲಿ ಜನರಲ್ ಮ್ಯಾಥ್ಯೂಸ್‌ನ ಸೈನ್ಯವು ಬಿದನೂರನ್ನು ಹಿಡಿದಾಗ ಟಿಪ್ಪು ಸುಲ್ತಾನರು ದೂರದ ಪೂರ್ವ ಕರ್ನಾಟಿಕ್ ಪ್ರಾಂತದಲ್ಲಿದ್ದರು. ಅಲ್ಲಿಂದ ಪರ್ಯಾಯ ದ್ವೀಪವನ್ನು ಒಂದು ತಿಂಗಳಲ್ಲಿ ದಾಟಿ ಬಂದು ನಗರವನ್ನು ಮರಳಿ ಪಡೆಯಲು ಸಾಧ್ಯವಾದುದು ಅಮೃತಮಹಲಿನ ಎತ್ತುಗಳಿಂದ ಎಂದು ಅದೇ ಗ್ಯಾಸೆಟಿಯರ್ ಹೇಳುತ್ತದೆ. ನಗರದ ಕೋಟೆಯನ್ನು ನೋಡಲು ಬರುವವರು ಕಲ್ಲನ್ನೂ ಫಿರಂಗಿಯನ್ನೂ ನೋಡುತ್ತಾರೆ. ಆ ಫಿರಂಗಿಗಳು ಬಂದು ಹೋದದ್ದು ಬಯಲಿನ ಯಾವುದೋ ಕಾವಲಿನಲ್ಲಿ ಸರಿಯಾದ ಋತುವಿನಲ್ಲಿ ಕಾಪಾಡಿದ ಹುಲ್ಲಿನ ಬಲದಿಂದ ಎಂಬುದು ನಮಗೆ ಹೊಳೆಯುವುದಿಲ್ಲ.

ಮುಂದಿನ ಕಥೆ ಬೇರೆ ಪಾಠ ಹೇಳುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಸರಿಯಾದ ಮೇಲ್ವಿಚಾರಣೆಯಿಲ್ಲದೆ ಹಿಂಡು ಕ್ಷೀಣಿಸಿತು. 1813ರಲ್ಲಿ ಮದರಾಸು ಸೈನ್ಯದ ಸರಬರಾಜು ಇಲಾಖೆಯ ಕ್ಯಾಪ್ಟನ್ ಹಾರ್ವೆ ಅದರ ಹೊಣೆ ವಹಿಸಿಕೊಂಡಾಗ, ಅಮಲ್ದಾರರು ಇನ್ನೂ ಟಿಪ್ಪುವಿನ ಹುಕುಂನಾಮೆಯನ್ನೇ ಪಾಲಿಸುತ್ತಿದ್ದರಂತೆ. 1860ರಲ್ಲಿ ಮದರಾಸಿನ ಗವರ್ನರ್ ಟ್ರೆವೆಲಿಯನ್ ಖರ್ಚು ಉಳಿಸುವ ನೆಪದಲ್ಲಿ ಇಡೀ ಹಿಂಡನ್ನು ಮಾರಿಸಿದರು. ಆರೇ ವರ್ಷಗಳಲ್ಲಿ, 1866ರಲ್ಲಿ, ಅದೇ ಸರ್ಕಾರವು ಅಳಿದುಳಿದ ತಳಿಯನ್ನು ಹುಡುಕಿ ಮತ್ತೆ ಹಿಂಡು ಕಟ್ಟಬೇಕಾಯಿತು. ಕಟ್ಟಲು ತಲೆಮಾರುಗಳೇ ಬೇಕಾದದ್ದನ್ನು ಕಳೆಯಲು ಒಂದು ಆದೇಶ ಸಾಕಾಯಿತು.

ಮೀಸಲು ನೆಲ ಯಾರಿಗೆ?

ಇಲ್ಲಿ ನಾವು ನಿಷ್ಪಕ್ಷಪಾತವಾಗಿ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಕಾವಲಿನ ಶಿಸ್ತು ಮೆಚ್ಚತಕ್ಕದ್ದೇ. ಆದರೆ ಆ ಹುಲ್ಲು ಸರ್ಕಾರದ ದನಗಳಿಗೆ ಮೀಸಲಾಗಿತ್ತು. ಪಕ್ಕದ ಹಳ್ಳಿಯ ಬಡವನ ಎರಡು ಹಸುಗಳಿಗೆ ಅದರಲ್ಲಿ ಹಕ್ಕಿನ ಪಾಲಿರಲಿಲ್ಲ. ರಾಜ್ಯದ ಅಗತ್ಯಕ್ಕಾಗಿ ನೆಲವನ್ನು ಮೀಸಲಿಡುವಾಗ ಬಡವನ ದನದ ಗತಿಯೇನು?

ಈ ಪ್ರಶ್ನೆ ಇಸ್ಲಾಮಿನ ಆರಂಭಕಾಲದಲ್ಲೇ ಎದ್ದಿತ್ತು. ಮೀಸಲು ಮೇವಿನ ನೆಲಕ್ಕೆ ಅರಬರು ‘ಹಿಮಾ’ ಎನ್ನುತ್ತಿದ್ದರು. ಪ್ರಬಲ ಗೋತ್ರದ ನಾಯಕರು ಒಳ್ಳೆಯ ಹುಲ್ಲಿನ ನೆಲವನ್ನು ತಮ್ಮ ಹಿಂಡಿಗೆಂದು ಗಡಿಕಟ್ಟಿಕೊಳ್ಳುವುದು ಅಜ್ಞಾನಕಾಲದ ಪದ್ಧತಿ. ಪ್ರವಾದಿ ಮುಹಮ್ಮದ್(ಸ)ರು ಅದನ್ನು ತಡೆದರು. ಹಿಮಾ ಎಂಬುದು ಅಲ್ಲಾಹನಿಗೂ ಅವನ ಸಂದೇಶವಾಹಕರಿಗೂ ಮಾತ್ರ ಸೇರಿದ್ದೆಂದು, ಅಂದರೆ ಸಾರ್ವಜನಿಕ ಹಿತಕ್ಕಲ್ಲದೆ ಯಾರೂ ತಮ್ಮ ಸ್ವಂತಕ್ಕೆ ಮೇವಿನ ನೆಲವನ್ನು ಮೀಸಲಿಡುವಂತಿಲ್ಲವೆಂದು, ವಿದ್ವಾಂಸರು ಆ ಹದೀಸನ್ನು ವಿವರಿಸಿದ್ದಾರೆ. ಮದೀನದ ಬಳಿಯ ‘ನಕೀಅ್’ ಎಂಬ ಬಯಲನ್ನು ಪ್ರವಾದಿ(ಸ)ರು ಮುಸ್ಲಿಮರ ಕುದುರೆಗಳಿಗಾಗಿ ಕಾಯ್ದಿರಿಸಿದ್ದರು. ನೀರು, ಮೇವು ಮತ್ತು ಬೆಂಕಿ ಈ ಮೂರರಲ್ಲಿ ಜನರೆಲ್ಲ ಪಾಲುದಾರರು ಎಂಬ ಆಶಯದ ಹದೀಸ್ ಕೂಡ ನಮಗೆ ಪರಿಚಿತವೇ.

ಹ. ಉಮರ್(ರ)ರ ಕಾಲದಲ್ಲಿ ರಬದಾ ಮುಂತಾದ ಕಡೆಗಳಲ್ಲಿ ಹಿಮಾ ವಿಸ್ತರಿಸಿತು. ಅಂಥ ಒಂದು ಹಿಮಾದ ಮೇಲ್ವಿಚಾರಣೆಗೆ ಅವರು ಹುನೈ ಎಂಬ ತಮ್ಮ ವಿಮೋಚಿತ ಸೇವಕನನ್ನು ನೇಮಿಸಿದ ಪ್ರಸಂಗ ಸಹೀಹ್ ಬುಖಾರಿಯಲ್ಲಿದೆ. ಜನರೊಡನೆ ಮೃದುವಾಗಿ ನಡೆದುಕೊಳ್ಳಬೇಕೆಂದೂ ಮರ್ದಿತನ ಮೊರೆಗೆ ಅಂಜಬೇಕೆಂದೂ ಅವರು ಮೊದಲು ಎಚ್ಚರಿಸಿದರು. ಬಳಿಕ, ಕೆಲವೇ ಒಂಟೆ, ಕೆಲವೇ ಆಡುಕುರಿ ಇರುವವರನ್ನು ಒಳಗೆ ಬಿಡಬೇಕೆಂದೂ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಮತ್ತು ಉಸ್ಮಾನ್ ಬಿನ್ ಅಫ್ಫಾನ್(ರ)ರಂಥವರ ಹಿಂಡುಗಳನ್ನು ಬಿಡಬಾರದೆಂದೂ ಆದೇಶಿಸಿದರು. ಅವರಿಬ್ಬರೂ ಮಹಾನ್ ಸಹಾಬಿಗಳು. ಆದರೂ ಉಮರ್(ರ)ರ ಲೆಕ್ಕ ಸ್ಪಷ್ಟವಾಗಿತ್ತು. ಶ್ರೀಮಂತನ ಹಿಂಡು ಸತ್ತರೆ ಅವನಿಗೆ ಖರ್ಜೂರದ ತೋಟವಿದೆ, ಹೊಲವಿದೆ. ಬಡವನ ಹಿಂಡು ಸತ್ತರೆ ಅವನು ಮಕ್ಕಳನ್ನು ಕರೆದುಕೊಂಡು ತನ್ನ ಬಾಗಿಲಿಗೇ ಬರುತ್ತಾನೆ. ಆಗ ಬೊಕ್ಕಸದಿಂದ ಚಿನ್ನ ಬೆಳ್ಳಿ ಕೊಡುವುದಕ್ಕಿಂತ ಈಗ ಹುಲ್ಲು ನೀರು ಕೊಡುವುದು ತನಗೆ ಹಗುರ. ಅಷ್ಟೇ ಅಲ್ಲ, ಆ ನೆಲ ಅಲ್ಲಿನ ಜನರದೇ, ಅದನ್ನು ಮೀಸಲಿಟ್ಟದ್ದು ಅನ್ಯಾಯವೆಂದು ಅವರಿಗೆ ಅನಿಸುತ್ತಿರಬಹುದು ಎಂಬುದನ್ನೂ ಖಲೀಫರು ಮುಚ್ಚಿಡದೆ ಒಪ್ಪಿಕೊಂಡರು.

ಈ ಪ್ರಸಂಗವು ಹುಲ್ಲುಗಾವಲಿನ ನಿರ್ವಹಣೆಗೆ ಎರಡು ಅಳತೆಗೋಲುಗಳನ್ನು ಕೊಡುತ್ತದೆ. ಮೊದಲನೆಯದು, ಕಾಯುವವನು ಇರಬೇಕು. ಎರಡನೆಯದು, ಕಾಯುವವನು ಬಾಗಿಲು ತೆರೆಯುವಾಗ ಚಿಕ್ಕ ಹಿಂಡಿನವನನ್ನು ಮೊದಲು ಒಳಗೆ ಬಿಡಬೇಕು. ಕಾವಲುಗಳು ಮೊದಲ ಅಳತೆಯಲ್ಲಿ ಗೆದ್ದವು, ಎರಡನೆಯದರಲ್ಲಿ ಸೋತವು. ನಮ್ಮ ಗೋಮಾಳಗಳು ಎರಡನೆಯದನ್ನು ಉಳಿಸಿಕೊಂಡವು, ಆದರೆ ಕಾಲಕ್ರಮದಲ್ಲಿ ಮೊದಲನೆಯದನ್ನು ಕಳೆದುಕೊಂಡವು.

ಗೋಮಾಳದ ಕಾನೂನು, ದೊಡ್ಡಿಯ ನ್ಯಾಯ

ಊರಿನ ದನಗಳಿಗೆ ನೆಲ ಬಿಡುವುದು ಸರ್ಕಾರದ ದಯೆಯಲ್ಲ, ಕಾನೂನಿನ ಮಾತು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 71ನೇ ಪ್ರಕರಣವು ಉಚಿತ ಮೇವಿಗಾಗಿ ನೆಲವನ್ನು ಕಾದಿರಿಸಲು ಅವಕಾಶ ಕೊಡುತ್ತದೆ. 1966ರ ನಿಯಮಾವಳಿಯ 97ನೇ ನಿಯಮವು ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಗೋಮಾಳವಿರಬೇಕೆಂದು ಅಳತೆಯನ್ನೂ ಹೇಳಿತು. ದನ ಬೆಳೆಗೆ ನುಗ್ಗಿದರೆ ಹಿಡಿದು ಕೂಡಿಹಾಕುವ ದೊಡ್ಡಿಗೂ ಕಾಯ್ದೆಯೇ ಆಧಾರ. ಇಂದು ಎಷ್ಟೋ ಊರುಗಳಲ್ಲಿ ದೊಡ್ಡಿಯ ಗೋಡೆಯಷ್ಟೇ ಉಳಿದಿದೆ.

ದೊಡ್ಡಿಯನ್ನು ನೆನೆದಾಗ ‘ಅಲ್ ಅಂಬಿಯಾ’ ಅಧ್ಯಾಯದಲ್ಲಿ ಬರುವ ವ್ಯಾಜ್ಯವು ನೆನಪಾಗುತ್ತದೆ. ರಾತ್ರಿ ಹೊತ್ತು ಒಬ್ಬರ ಕುರಿಗಳು ಇನ್ನೊಬ್ಬರ ಹೊಲವನ್ನು ಮೇಯ್ದ ಮೊಕದ್ದಮೆ ಪ್ರವಾದಿ ದಾವೂದ್(ಅ) ಮತ್ತು ಸುಲೈಮಾನ್(ಅ)ರ ಮುಂದೆ ಬಂತು. ವ್ಯಾಖ್ಯಾನಕಾರರು ಹೇಳುವಂತೆ, ಕುರಿಗಳನ್ನು ಹೊಲದವನಿಗೆ ಕೊಡಬೇಕೆಂಬುದು ದಾವೂದ್(ಅ)ರ ಅಭಿಪ್ರಾಯ. ಸುಲೈಮಾನ್(ಅ)ರಾದರೋ, ಕುರಿಯವರು ಹೊಲವನ್ನು ಮೊದಲಿನ ಸ್ಥಿತಿಗೆ ತರುವವರೆಗೆ ಹೊಲದವನು ಕುರಿಗಳ ಹಾಲು ಉಣ್ಣೆಗಳನ್ನು ಅನುಭವಿಸಲಿ, ಬಳಿಕ ಅವರವರದು ಅವರವರಿಗೆ ಮರಳಲಿ ಎಂದರು. ದಂಡಕ್ಕಿಂತ ನೆಲದ ಪುನಶ್ಚೇತನವನ್ನು ನ್ಯಾಯದ ಕೇಂದ್ರಕ್ಕೆ ತಂದ ತೀರ್ಪು ಅದು. ಹಾಳಾದ ನೆಲವನ್ನು ಹಾಳುಮಾಡಿದವರೇ ಸರಿಪಡಿಸಬೇಕೆಂಬ ಆ ತತ್ವ ಇಂದಿನ ಗೋಮಾಳಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆ!

ಕಳೆ ಬಂದ ದಾರಿ

ನಗರ ಸೀಮೆಯ ಗೋಮಾಳಗಳಲ್ಲಿ ಇಂದು ನಡೆದಾಡಿದರೆ ಹುಲ್ಲಿಗಿಂತ ಮೊದಲು ಕಣ್ಣಿಗೆ ಬೀಳುವುದು ಲಂಟಾನ ಮತ್ತು ಯುಪಟೋರಿಯಂ. ಎರಡೂ ಅಮೆರಿಕ ಖಂಡದ ಗಿಡಗಳು. ಲಂಟಾನವನ್ನು 19ನೇ ಶತಮಾನದ ಆರಂಭದಲ್ಲಿ ಅದರ ಬಣ್ಣದ ಹೂವಿಗಾಗಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಅಲ್ಲಿಂದ ಅದು ತೋಟದ ಬೇಲಿಯಾಗಿ ಊರೂರಿಗೆ ಹೋಯಿತು. ಹಣ್ಣು ತಿಂದ ಪಿಕಳಾರ ಮುಂತಾದ ಹಕ್ಕಿಗಳು ಬೀಜವನ್ನು ಬೆಟ್ಟಕ್ಕೂ ಕಾಡಿಗೂ ಒಯ್ದವು. ನಮ್ಮಲ್ಲಿ ಕಮ್ಯುನಿಸ್ಟ್ ಗಿಡವೆಂದೂ ಕರೆಸಿಕೊಳ್ಳುವ ಯುಪಟೋರಿಯಂನ ಬೀಜಕ್ಕೆ ಹಕ್ಕಿಯೂ ಬೇಡ, ಗಾಳಿ ಸಾಕು. ಬಯಲಿನ ಕಾವಲುಗಳಲ್ಲಿ ಇದೇ ಕೆಲಸವನ್ನು ಬಳ್ಳಾರಿ ಜಾಲಿ ಮತ್ತು ಪಾರ್ಥೇನಿಯಂ ಮಾಡಿವೆ. ಪಾರ್ಥೇನಿಯಂ ನಮ್ಮ ದೇಶದಲ್ಲಿ ಎಲ್ಲರ ಗಮನಕ್ಕೆ ಬಂದದ್ದು 1955ರಲ್ಲಿ, ಪುಣೆಯಲ್ಲಿ.

ಕಳೆಯು ಹುಲ್ಲನ್ನು ಸೋಲಿಸುವುದು ತನ್ನ ಬಲದಿಂದ ಮಾತ್ರವಲ್ಲ, ನಮ್ಮ ದನದ ಬಾಯಿಯ ಸಹಾಯದಿಂದ. ದನವು ರುಚಿಯಾದದ್ದನ್ನು ಆರಿಸಿ ಮೇಯುತ್ತದೆ, ಕಹಿಯಾದದ್ದನ್ನು ಬಿಡುತ್ತದೆ. ನೆಲಕ್ಕೆ ಬಿಡುವಿದ್ದರೆ ಮೇಯ್ದ ಹುಲ್ಲು ಮತ್ತೆ ಚಿಗುರಿ ಜಾಗ ತುಂಬುತ್ತದೆ. ಬಿಡುವಿಲ್ಲದೆ ದಿನವೂ ಮೇಯಿಸಿದರೆ ಒಳ್ಳೆಯ ಹುಲ್ಲು ಬೀಜ ಕಟ್ಟುವ ಮೊದಲೇ ತೀರಿಹೋಗುತ್ತದೆ. ಬಿಟ್ಟ ಗಿಡ ಮಾತ್ರ ಹೂಬಿಟ್ಟು ಬೀಜ ಚೆಲ್ಲುತ್ತದೆ. ಹೀಗೆ ವರ್ಷದಿಂದ ವರ್ಷಕ್ಕೆ ನಾವೇ ಹುಲ್ಲನ್ನು ಕಿತ್ತು ಕಳೆಯನ್ನು ಸಾಕುತ್ತೇವೆ. ಗೋಮಾಳದಲ್ಲಿ ತಗಚೆ ದಟ್ಟವಾಗಿ ಎದ್ದಿತೆಂದರೆ ನೆಲ ಸೋತಿದೆ ಎಂದೇ ಅರ್ಥ. ಬೇಸಿಗೆಯಲ್ಲಿ ಚಿಗುರಿನ ಆಸೆಗೆ ಕೊಡುವ ಬೆಂಕಿಯೂ ಇದೇ ಕೆಲಸ ಮಾಡುತ್ತದೆ. ಎಳೆಯ ಸಸಿಗಳು ಸಾಯುತ್ತವೆ, ಲಂಟಾನ ಯುಪಟೋರಿಯಂಗಳು ಬುಡದಿಂದ ಮತ್ತೆ ಒಡೆಯುತ್ತವೆ.

ಬೇರೆ ಮೇವಿಲ್ಲದಾಗ ಹಸಿದ ದನ ಲಂಟಾನಕ್ಕೆ ಬಾಯಿ ಹಾಕುತ್ತದೆ. ಅದರ ವಿಷ ಯಕೃತ್ತನ್ನು ಕೆಡಿಸುತ್ತದೆ. ಬಿಸಿಲು ತಾಗಿದ ಕಡೆ ಚರ್ಮ ಸುಟ್ಟಂತಾಗಿ ಸುಲಿಯುತ್ತದೆ, ಕಣ್ಣು ಹಳದಿಯಾಗುತ್ತದೆ. ಮೇವಿನ ಗೊಣಬೆಯಿರುವವನ ಹಸು ಲಂಟಾನ ತಿನ್ನುವುದಿಲ್ಲ. ಗೋಮಾಳವನ್ನೇ ನಂಬಿದವನ ಹಸು ತಿನ್ನುತ್ತದೆ. ಉಮರ್(ರ)ರ ಲೆಕ್ಕ ಇಲ್ಲಿಯೂ ನಿಜ.

ನೆಲ ಕುಗ್ಗಿದ ಬಗೆ

ಬಿಡುವು ಕೊಡಲು ಸಾಕಷ್ಟು ನೆಲ ಬೇಕು. ಆ ನೆಲ 20ನೇ ಶತಮಾನದಲ್ಲಿ ನಾಲ್ಕೂ ಕಡೆಯಿಂದ ಕುಗ್ಗಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಸಾಗರ, ಹೊಸನಗರ ತಾಲ್ಲೂಕುಗಳ ಕಣಿವೆಗಳು ಶರಾವತಿಯ ಹಿನ್ನೀರಿನಲ್ಲಿ ಮುಳುಗಿದವು. ನಾಡಿಗೆ ಬೆಳಕು ಕೊಟ್ಟ ಜನ ತಮ್ಮ ಗದ್ದೆ, ಬ್ಯಾಣಗಳನ್ನು ಬಿಟ್ಟು ಬೇರೆ ಊರುಗಳ ಕಾಡು ಗುಡ್ಡಗಳಲ್ಲಿ ಬದುಕು ಕಟ್ಟಬೇಕಾಯಿತು. ಅವರನ್ನು ಒತ್ತುವರಿದಾರರೆಂದು ಹೀಗಳೆಯುವುದು ನ್ಯಾಯವಲ್ಲ. 1991ರ ನಂತರ ಬಗರ್‌ಹುಕುಂ ಸಾಗುವಳಿಯ ಸಕ್ರಮಕ್ಕೆಂದು ನಮೂನೆ 50, 53, 57 ಒಂದರ ಹಿಂದೆ ಒಂದು ಬಂದವು. ಭೂಮಿಯಿಲ್ಲದವನಿಗೆ ತುಂಡು ನೆಲ ಸಿಕ್ಕಿದ್ದು ಒಳ್ಳೆಯದೇ. ಆದರೆ ಅದೇ ನೆಪದಲ್ಲಿ ಇದ್ದವರೂ ತೋಟದ ಬೇಲಿಯನ್ನು ಗೋಮಾಳದೊಳಗೆ ಸರಿಸಿದ್ದುಂಟು.

ಮೂರನೆಯ ಕಡೆಯಿಂದ ನೆಡುತೋಪುಗಳು ಬಂದವು. ನೀಲಗಿರಿ, ಅಕೇಶಿಯಾಗಳನ್ನು ‘ಬಂಜರು’ ಎಂದು ದಾಖಲಾದ ನೆಲದಲ್ಲಿ ನೆಟ್ಟರು. ಕಾಗದದ ಮೇಲೆ ಬಂಜರಾಗಿದ್ದದ್ದು ಊರವರಿಗೆ ಮೇವಿನ ನೆಲವಾಗಿತ್ತು. 1984ರಲ್ಲಿ ಸರ್ಕಾರವೂ ಖಾಸಗಿ ಉದ್ಯಮವೂ ಕೂಡಿ ಸ್ಥಾಪಿಸಿದ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಶಿವಮೊಗ್ಗವೂ ಸೇರಿದಂತೆ ಹಲವು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ನೆಲವನ್ನು ಗೊತ್ತುಮಾಡಲಾಯಿತು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಹಳ್ಳಿಗರು ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ತಮಗೆ ಬೇಕಾದ ಸಸಿಗಳನ್ನು ಹಚ್ಚಿದರು. ‘ಕಿತ್ತಿಕೋ ಹಚ್ಚಿಕೋ’ ಎಂದು ಹೆಸರಾದ ಆ ಸತ್ಯಾಗ್ರಹದ ಬಳಿಕ, 1991ರಲ್ಲಿ, ಕಂಪನಿಯೇ ಮುಚ್ಚಿತು. ಅಕೇಶಿಯಾ ಬೇಡವೆಂಬ ಕೂಗು ನಗರ ಸೀಮೆಯಲ್ಲಿ ಇಂದಿಗೂ ಕೇಳುತ್ತದೆ. ನಾಲ್ಕನೆಯ ಕಡೆಯಿಂದ ಬಂದದ್ದು ಕಳೆ. ಉಳಿದ ನೆಲದ ಮೇಲೆ ಎಲ್ಲ ದನಗಳ ಭಾರ ಬಿದ್ದಾಗ ಅದು ತಾನಾಗಿ ಗೆದ್ದಿತು.

2011ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಜಗಪಾಲ್ ಸಿಂಗ್ ಮೊಕದ್ದಮೆಯಲ್ಲಿ, ಊರಿನ ಸಾಮೂಹಿಕ ಭೂಮಿಗಳನ್ನು ಒತ್ತುವರಿಯಿಂದ ಬಿಡಿಸಿ ಊರಿಗೇ ಮರಳಿಸಬೇಕೆಂದು ಎಲ್ಲ ರಾಜ್ಯಗಳಿಗೂ ನಿರ್ದೇಶನ ಕೊಟ್ಟಿತು. ನೆಲ ಮರಳಿ ಬಂದರೂ ಅದನ್ನು ಕಾಯುವವರು ಯಾರೆಂಬುದನ್ನು ಮಾತ್ರ ನ್ಯಾಯಾಲಯ ನಮ್ಮ ಪರವಾಗಿ ನಿರ್ಧರಿಸಲಾರದು.

ಪೊದೆಯೊಳಗಿನ ಸಾವು

ಕಳೆಯನ್ನು ಬರಿಯ ದನದ ಸಮಸ್ಯೆಯೆಂದು ತಿಳಿಯುವವರು ಮಂಗನ ಕಾಯಿಲೆಯನ್ನು ನೆನಪಿಸಿಕೊಳ್ಳಬೇಕು. 1957ರಲ್ಲಿ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಈ ಜ್ವರ ಲೋಕಕ್ಕೆ ತಿಳಿಯಿತು. 2018ರ ಕೊನೆಯಿಂದ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಅದು ಹಲವು ಜೀವಗಳನ್ನು ಬಲಿ ತೆಗೆದುಕೊಂಡಿತು. ರೋಗ ಹರಡುವುದು ಉಣುಗಿನಿಂದ. ದನಕ್ಕೆ ಈ ಜ್ವರ ಬರುವುದಿಲ್ಲ, ಆದರೆ ಬೆಳೆದ ಉಣುಗುಗಳು ದನದ ರಕ್ತ ಕುಡಿದು ಸಂತಾನ ಬೆಳೆಸುತ್ತವೆ. ಗೋಮಾಳದಲ್ಲಿ ಹುಲ್ಲಿಲ್ಲದ ದನ ಕಾಡಿಗೆ ನುಗ್ಗುತ್ತದೆ. ಕಾಡಂಚಿನ ಲಂಟಾನದ ತಂಪು ನೆರಳು ಉಣುಗಿಗೆ ಒಳ್ಳೆಯ ಮನೆಯಾಗುತ್ತದೆ. ದನವನ್ನು ಹುಡುಕಿಕೊಂಡು, ಸೊಪ್ಪು ಸೌದೆಗೆಂದು ಅದೇ ಪೊದೆಯಲ್ಲಿ ನುಸುಳುವವರು ಕೂಲಿಯವರು, ಹೆಂಗಸರು, ದನ ಕಾಯುವ ಹುಡುಗರು. ಗೋಮಾಳದಲ್ಲಿ ಹುಲ್ಲಿದ್ದರೆ ಇವರಲ್ಲಿ ಕೆಲವರಾದರೂ ಆ ಪೊದೆಗೆ ಹೋಗಬೇಕಾಗಿರಲಿಲ್ಲ.

ಮಾಡಬೇಕಾದದ್ದು

ಹಾಗಾದರೆ ನಾವೇನು ಮಾಡಬೇಕು? ಹೊರದೇಶದ ಕೀಟಗಳನ್ನು ತಂದು ಲಂಟಾನದ ಮೇಲೆ ಬಿಡುವ ಪ್ರಯತ್ನ ಕಳೆದ ಶತಮಾನದಲ್ಲಿ ನಡೆಯಿತು, ಲಂಟಾನ ಅಳಿಯಲಿಲ್ಲ. ಪಾರ್ಥೇನಿಯಂ ತಿನ್ನುವ ಮೆಕ್ಸಿಕೋದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು, ಅದರಿಂದ ಸ್ವಲ್ಪಮಟ್ಟಿಗೆ ಉಪಯೋಗವಾಯಿತು. ಯಾವ ಕೀಟವೂ ಯಾವ ಔಷಧಿಯೂ ಕಾಯುವವನಿಗೆ ಬದಲಿಯಲ್ಲ.

ಕೆಲಸದ ಕ್ರಮ ಸರಳ. ಮಳೆ ಬಿದ್ದು ಮಣ್ಣು ಮೆತ್ತಗಾದಾಗ, ಹೂ ಬಿಡುವ ಮೊದಲು, ಲಂಟಾನದ ಬುಡವನ್ನು ಮಣ್ಣಿನಡಿ ಮೂರು ನಾಲ್ಕು ಬೆರಳಿನಷ್ಟು ಆಳದಲ್ಲಿ ಕಡಿದು, ಗಿಡವನ್ನು ಬೇರು ಮೇಲಾಗಿ ಮಗುಚಿ ಒಣಗಿಸಬೇಕು. ಮೇಲಿಂದ ಮೇಲೆ ಸವರಿದರೆ ಅದು ಇನ್ನೂ ದಟ್ಟವಾಗಿ ಚಿಗುರುತ್ತದೆ. ಯುಪಟೋರಿಯಂ ಮಳೆಗಾಲ ಮುಗಿಯುವುದರೊಳಗೆ ಬೇರುಸಹಿತ ಕೀಳಬೇಕು, ಚಳಿಗಾಲದ ಹೂವಿಗೆ ಅವಕಾಶ ಕೊಡಬಾರದು. ಕಿತ್ತ ಜಾಗವನ್ನು ಬರಿದಾಗಿ ಬಿಡದೆ ಅಲ್ಲಿಯದೇ ಹುಲ್ಲಿನ ಬೀಜ ಚೆಲ್ಲಬೇಕು. ಮರುವರ್ಷ, ಅದರ ಮರುವರ್ಷವೂ ಹೋಗಿ, ವಿಶೇಷವಾಗಿ ಹಕ್ಕಿ ಕೂರುವ ಮರಗಳ ಕೆಳಗೆ, ಸಸಿಗಳನ್ನು ಕೀಳಬೇಕು. ಗೋಮಾಳವನ್ನು ಮೂರು ನಾಲ್ಕು ಪಾಲು ಮಾಡಿ, ಪ್ರತಿವರ್ಷ ಒಂದು ಪಾಲಿಗೆ ಮಳೆಗಾಲದ ಪೂರ್ತಿ ವಿಶ್ರಾಂತಿ ಕೊಡಬೇಕು. ಆ ಪಾಲಿನ ಕರಡವನ್ನು ಒಂದೆರಡು ಹಸುವಿನ ಮನೆಗಳಿಗೆ ಮೊದಲು ಹಂಚಬೇಕು. ಬೇಸಿಗೆಗೆ ಮುನ್ನ ಬೆಂಕಿರೇಖೆ ಸವರಬೇಕು. ದನಗಳ ಮೈಯ ಉಣುಗನ್ನು ಪಶುವೈದ್ಯರ ಸಲಹೆಯಂತೆ ನಿವಾರಿಸಬೇಕು.

ಇವು ಯಾವುವೂ ಒಬ್ಬನಿಂದ ಆಗುವ ಕೆಲಸಗಳಲ್ಲ. ಒಬ್ಬನು ಕಿತ್ತು ಹತ್ತು ಜನ ಬಿಟ್ಟರೆ ಬೀಜ ಮತ್ತೆ ಬರುತ್ತದೆ. ಗ್ರಾಮಸಭೆಯಲ್ಲಿ ಕುಳಿತು ಗೋಮಾಳದ ಗಡಿಯನ್ನು ಅಳೆಸಿ, ಸರದಿಯನ್ನು ನಿಶ್ಚಯಿಸಿ, ಒಬ್ಬ ಹುನೈಯನ್ನು ನೇಮಿಸಬೇಕು. ಮಸೀದಿಯ ಜಮಾಅತ್, ದೇವಸ್ಥಾನದ ಸಮಿತಿ, ಹಾಲಿನ ಸಂಘ, ಮಹಿಳೆಯರ ಸ್ವಸಹಾಯ ಗುಂಪು ಎಲ್ಲರೂ ಅಲ್ಲಿರಬೇಕು, ಏಕೆಂದರೆ ಹುಲ್ಲಿನಲ್ಲಿ ಎಲ್ಲರೂ ಪಾಲುದಾರರು. ಲೆಬನಾನಿನ ಹಲವು ಊರುಗಳು ಈಚೆಗೆ ಹಳೆಯ ಹಿಮಾ ಪದ್ಧತಿಯನ್ನು ಇದೇ ರೀತಿ ಊರವರ ಕೈಯಲ್ಲಿ ಪುನರುಜ್ಜೀವನಗೊಳಿಸಿವೆ. ಬ್ಯಾಣದ ಬೇಲಿಯನ್ನು ಬಲ್ಲ ನಮ್ಮ ಸೀಮೆಗೆ ಅದು ಅಸಾಧ್ಯವೇನಲ್ಲ.

ನಿಮ್ಮಲ್ಲಿ ಪ್ರತಿಯೊಬ್ಬರೂ ಕುರುಬರು, ಪ್ರತಿಯೊಬ್ಬರೂ ತಮ್ಮ ಹಿಂಡಿನ ಬಗ್ಗೆ ಪ್ರಶ್ನಿಸಲ್ಪಡುವರು ಎಂಬ ಅರ್ಥದ ಪ್ರವಾದಿ ವಚನವನ್ನು ನಾವು ಮನೆ, ಮಕ್ಕಳು, ಅಧಿಕಾರ ಇವುಗಳಿಗೆ ಅನ್ವಯಿಸಿ ಕೇಳುತ್ತ ಬಂದಿದ್ದೇವೆ. ಅದರ ಅಕ್ಷರಶಃ ಅರ್ಥವನ್ನೂ ಒಮ್ಮೆ ನೆನೆಯೋಣ. ಕುರುಬನಿಗೆ ಹಿಂಡು ಎಷ್ಟು ಅಮಾನತೋ ಹಿಂಡು ಮೇಯುವ ನೆಲವೂ ಅಷ್ಟೇ ಅಮಾನತು. ಬರುವ ಮುಂಗಾರಿಗೆ ನಮ್ಮ ಊರಿನ ಗೋಮಾಳದ ಮಣ್ಣು ಮೆತ್ತಗಾಗುತ್ತದೆ. ಆಗ ಗುದ್ದಲಿ ಹಿಡಿದು ಅಲ್ಲಿಗೆ ಹೋಗುವವರಲ್ಲಿ ನಾವೂ ಇರೋಣ.